ಗರುಫಾಲ್ಯಾ ಉಗಿಯಲು ಮರೆತ ವರ್ಷ

ನಮ್ಮೂರಿನ ಅಸ್ತೆರಿಯೋನ್ ತಂಡ ಗ್ರೀಸಿನ ಮೊದಲ ದರ್ಜೆಯ ಫುಟ್‌ಬಾಲ್ ಲೀಗಿಗೆ ಮೊತ್ತಮೊದಲು ಏರಿದ ವರ್ಷ ಊರಿಗೆ ಊರೇ ಹುಚ್ಚು ಹಿಡಿದಂತಿತ್ತು. ಪಾದ್ರಿಗಳು ಭಾನುವಾರದ ಪ್ರವಚನವನ್ನು ಅರ್ಧಕ್ಕೇ ಮುಗಿಸುತ್ತಿದ್ದರು. ನಾನು ಭಾಗಾಕಾರ ಕಲಿಸಲು ಹೊರಟರೆ ಮಕ್ಕಳು ಲೀಗಿನ ಅಂಕಗಳನ್ನು ಕೂಡುತ್ತಿದ್ದರು. ಆದರೆ ಆ ವರ್ಷವೆಂದರೆ ನನಗೆ ಮೊದಲು ನೆನಪಾಗುವವಳು ಕ್ರೀಡಾಂಗಣದ ಬಾಗಿಲಲ್ಲಿ ಹುರಿದ ಕುಂಬಳಬೀಜ ಮಾರುತ್ತಿದ್ದ ಗರುಫಾಲ್ಯಾ.

ಜೋರು ಬಾಯಿ, ಅಚ್ಚ ನೀಲಿ ಕಣ್ಣು. ನೀಲಿ ಕಣ್ಣಿನವರ ದೃಷ್ಟಿ ಬೇಗ ತಾಕುತ್ತದೆಂದು ಅವಳಿಗೂ ಗೊತ್ತಿತ್ತು. ಅದಕ್ಕೇ ಏನನ್ನು ಹೊಗಳಿದರೂ ಕೂಡಲೇ ಮೂರು ಸಲ ಥೂ ಥೂ ಥೂ ಎಂದು ಉಗಿದು ದೃಷ್ಟಿ ತೆಗೆದುಬಿಡುವಳು. ಮದುಮಗಳಿಗೂ ಉಗಿದಳು, ಎಳೆಗೂಸಿಗೂ ಉಗಿದಳು, ಬಿಷಪ್ಪರ ಹೊಸ ಕಾರಿಗೂ ಉಗಿದಳು. ಯಾರೂ ಬೇಸರ ಮಾಡಿಕೊಳ್ಳಲಿಲ್ಲ.

ಅಕ್ಟೋಬರಿನಲ್ಲಿ ನಮ್ಮ ನಾರ್ವೆಯ ಆಟಗಾರ ಆಸ್ಮುಂಡ್ ಒಂದೇ ಪಂದ್ಯದಲ್ಲಿ ಮೂರು ಗೋಲು ಹೊಡೆದ. ಹೊರಬಂದವನನ್ನು ನೋಡಿ ಗರುಫಾಲ್ಯಾ, "ಈ ಕಾಲು ನೋಡ್ರೋ, ದೇವರು ಬಿಡುವು ಮಾಡ್ಕೊಂಡು ಕೂತು ಕಡೆದಿದ್ದಾನೆ" ಎಂದಳು. ಮಾತು ಅರ್ಥವಾಗದಿದ್ದರೂ ಅವನು ಖುಷಿಯಾಗಿ ಅವಳನ್ನು ಬಿಗಿಯಾಗಿ ತಬ್ಬಿಕೊಂಡ. ಆ ಸಡಗರದಲ್ಲಿ ಉಗಿಯುವುದು ಮರೆತೇಹೋಯಿತು.

ಆಮೇಲೆ ಆಸ್ಮುಂಡ್ ಒಂದು ಗೋಲನ್ನೂ ಹೊಡೆಯಲಿಲ್ಲ. ಚೆಂಡು ಕಂಬಕ್ಕೆ ಬಡಿಯಿತು, ರೆಫರಿಗೆ ಬಡಿಯಿತು, ಒಮ್ಮೆ ಬೀದಿನಾಯಿಗೂ ಬಡಿಯಿತು. ಮೇ ತಿಂಗಳು ಬರುವ ಹೊತ್ತಿಗೆ, ಕೊನೆಯ ಭಾನುವಾರ ಗೆಲ್ಲದಿದ್ದರೆ ನಾವು ಕೆಳಗಿನ ದರ್ಜೆಗೆ ಬೀಳುವ ಸ್ಥಿತಿ.

ಕಾಫಿ ಅಂಗಡಿಯ ಪ್ರೊದ್ರೊಮೋಸನಿಗೆ ಆಗ ಹಳೆಯದು ಹೊಳೆಯಿತು. "ಅಕ್ಕ, ಅವತ್ತು ಉಗಿದ್ಯಾ ನೀನು?"

"ಅವನು ತಬ್ಕೊಂಡ್ನಲ್ಲೋ. ಉಗಿಯೋಕೆ ಉಸಿರೆಲ್ಲಿತ್ತು?"

"ಮುಗೀತು ಬಿಡು. ಇಡೀ ಊರನ್ನ ಕೆಳಗಿನ ದರ್ಜೆಗೆ ಇಳಿಸಿದ್ಯಲ್ಲ ತಾಯಿ."

ಮಾತು ಸಂಜೆಯೊಳಗೆ ಊರೆಲ್ಲ ಹಬ್ಬಿತು. ಅವಳು ಎದುರು ಬಂದರೆ ತಾಯಂದಿರು ಮಕ್ಕಳ ಗಾಡಿಗೆ ಪರದೆ ಎಳೆಯತೊಡಗಿದರು. ಮುಂದಿನ ವಾರ ಅವಳ ತಮ್ಮನ ಮಗಳು ಮೆಲ್ಪೊಳ ಕೂಸಿಗೆ ಚರ್ಚಿನಲ್ಲಿ ಹೆಸರಿಡುವ ಜ್ಞಾನಸ್ನಾನವಿತ್ತು. ಕೂಸನ್ನು ಎತ್ತಿಕೊಂಡು ನಿಲ್ಲುವ ಜ್ಞಾನತಾಯಿ ಗರುಫಾಲ್ಯಾಳೇ ಎಂದು ಎಂದೋ ನಿಶ್ಚಯವಾಗಿತ್ತು. ಈಗ ಮೆಲ್ಪೊ, "ಭಾನುವಾರದ ಆಟ ಆಗ್ಲಿ ಅತ್ತೆ, ಆಮೇಲೆ ನೋಡೋಣ" ಎಂದುಬಿಟ್ಟಳು.

ಶನಿವಾರ ಗರುಫಾಲ್ಯಾ ನನ್ನ ಮನೆಗೆ ಬಂದಳು. "ಮೇಷ್ಟ್ರೇ, ನಿಮಗೆ ಇಂಗ್ಲಿಷ್ ಬರುತ್ತಲ್ಲ, ಬನ್ನಿ. ಕಣ್ಣು ಹಾಕಿದೋಳೇ ಉಗೀಬೇಕಂತೆ. ಅವನಿಗೆ ನೀವು ಹೇಳಿ."

ಅಭ್ಯಾಸದ ಮೈದಾನದಲ್ಲಿ ನಾನು ಕರ್ತೃ, ಕರ್ಮ, ಕ್ರಿಯಾಪದಗಳನ್ನು ಜೋಡಿಸಿಕೊಳ್ಳುವಷ್ಟರಲ್ಲಿ ಅವಳು ಆಸ್ಮುಂಡನ ಮೊಣಕಾಲಿಗೆ ಮೂರು ಸಲ ಉಗಿದೇಬಿಟ್ಟಳು. ಆರಡಿ ಮೀರಿದ ಆ ಹುಡುಗನ ಮುಖ ಕೆಂಪಾಯಿತು.

"ಅಷ್ಟೊಂದು ಕೆಟ್ಟದಾಗಿ ಆಡ್ತಿದ್ದೀನಾ ಸರ್?"

ನಾನು ವಿಷಯವನ್ನೆಲ್ಲ ಬಿಡಿಸಿ ಹೇಳಿದೆ. ಅವನು ಗಂಭೀರವಾಗಿ ಯೋಚಿಸಿ, ಇನ್ನೊಂದು ಕಾಲನ್ನು ಮುಂದಿಟ್ಟ. "ಅವರು ಉಗಿದಿದ್ದು ಬಲಗಾಲಿಗೆ. ನಾನು ಹೊಡೆಯೋದು ಎಡಗಾಲಲ್ಲಿ."

ಭಾನುವಾರ ಗರುಫಾಲ್ಯಾ ನನ್ನ ಪಕ್ಕದಲ್ಲೇ ಕುಳಿತಳು, ಆದರೆ ಮೈದಾನಕ್ಕೆ ಬೆನ್ನು ಹಾಕಿ. "ಇವತ್ತು ಈ ಹಾಳು ಕಣ್ಣು ಆ ಕಡೆ ತಿರುಗೋದಿಲ್ಲ" ಎಂದಳು. ಹಿಂದಿನ ಸಾಲಿನವರ ಮುಖಗಳನ್ನೇ ನೋಡುತ್ತ ಆಟ ಹೇಗಿದೆಯೆಂದು ತಿಳಿದುಕೊಳ್ಳುತ್ತಿದ್ದಳು. "ಪ್ರೊದ್ರೊಮೋಸ್, ಬಾಯಿ ಯಾಕೆ ತೆರೆದೆ? ಕಂಬಕ್ಕೆ ಬಡೀತಾ? ಮುಚ್ಚು, ನೊಣ ಹೋಗುತ್ತೆ."

ಆಟ ಮುಗಿಯಲು ಬಂದಿತ್ತು, ಎರಡೂ ಕಡೆ ಇನ್ನೂ ಒಂದು ಗೋಲೂ ಇರಲಿಲ್ಲ. ಎಡಬದಿಯಿಂದ ಚೆಂಡು ಹಾರಿ ಬಂತು. ಆಸ್ಮುಂಡ್ ಎಡಗಾಲು ಬೀಸಿದ. ಕಾಲು ತಪ್ಪಿತು, ಚೆಂಡು ಅವನ ಕುತ್ತಿಗೆಗೆ ತಾಗಿ ಮೆಲ್ಲಗೆ ಬಲೆಯೊಳಗೆ ಉರುಳಿತು. ಗರುಫಾಲ್ಯಾ ಕಂಡದ್ದು ಗೋಲನ್ನಲ್ಲ, ಏಕಕಾಲಕ್ಕೆ ಎದ್ದು ನಿಂತ ಇಡೀ ಊರನ್ನು. ಎಲ್ಲರೂ ಅವಳ ಮೇಲೆಯೇ ಬಿದ್ದರು. ಬೀಜದ ಬುಟ್ಟಿ ಎತ್ತ ಹೋಯಿತೋ ತಿಳಿಯದು. ನಾನು ಪ್ರೊದ್ರೊಮೋಸನ ಕೆನ್ನೆಗೆ ಮುತ್ತಿಟ್ಟೆನಂತೆ. ನನಗೆ ನೆನಪಿಲ್ಲ, ಅವನಿಗಿದೆ.

ಸಂಜೆ ಚೌಕದಲ್ಲಿ ಕುಣಿತ. ಮೆಲ್ಪೊ ಜನರನ್ನು ಸರಿಸಿಕೊಂಡು ಬಂದು ಕೂಸನ್ನು ಅತ್ತೆಯ ತೋಳಲ್ಲಿಟ್ಟಳು. ಗರುಫಾಲ್ಯಾ ಅದನ್ನು ಎದೆಗವಚಿಕೊಂಡು, ತಾನು ನೋಡದ ಆ ಗೋಲನ್ನು ಅದಕ್ಕೆ ವರ್ಣಿಸತೊಡಗಿದಳು. ಅವಳ ವರ್ಣನೆಯಲ್ಲಿ ಆಸ್ಮುಂಡ್ ಐವರನ್ನು ದಾಟಿ, ಎಡಗಾಲಲ್ಲಿ ಬಲೆ ಹರಿಯುವಂತೆ ಹೊಡೆದಿದ್ದ. ಕಣ್ಣಾರೆ ಕಂಡ ನಾವು ಯಾರೂ ತಿದ್ದಲು ಹೋಗಲಿಲ್ಲ.