ಇಡೀ ಕಾಜು, ತುಂಡು ಕಾಜು

ಮೊನ್ನೆ ಬೆಳಗಾವಿಯ ಹಿಂದವಾಡಿಯಲ್ಲಿರುವ ನಮ್ಮ ಮನೆಗೆ ಯಾರದೋ ಮದುವೆಯ ಆಮಂತ್ರಣದ ಜೊತೆ ಒಂದು ಡಬ್ಬಿ ಗೋಡಂಬಿ ಬಂತು. ಹೆಂಡತಿ ಅದನ್ನು ತಟ್ಟೆಗೆ ಸುರಿದು ಚಹಾ ತರಲು ಒಳಗೆ ಹೋದಳು. ಆಕೆ ಬರುವಷ್ಟರಲ್ಲಿ ನನ್ನ ಬೆರಳುಗಳು ತಮ್ಮ ಪಾಡಿಗೆ ತಾವು ಕೆಲಸ ಶುರುಮಾಡಿದ್ದವು: ಇಡೀ ಕಾಳು ಒಂದು ಕಡೆ, ತುಂಡು ಇನ್ನೊಂದು ಕಡೆ.

"ರಿಟೈರ್ ಆಗಿ ಇಷ್ಟು ವರ್ಷ ಆತು, ಇನ್ನೂ ಆರಸ್ಕೋತ ಕೂತೀರಲ್ಲ! ತಿನ್ನೂದಿದ್ರ ತಿನ್ರಿ" ಎಂದಳು.

ತಿಂದೆ. ಆದರೆ ಮೊದಲು ತುಂಡನ್ನೇ ತಿಂದೆ. ಇಡೀ ಕಾಳನ್ನು ಕಂಡರೆ ನನಗೆ ಈಗಲೂ ಒಂದು ಬಗೆಯ ಅಂಜಿಕೆ. ನಗಬೇಡಿ, ಕಾರಣ ಹೇಳುತ್ತೇನೆ.

ಹೊಸ ಶತಮಾನ ಬಂತೆಂದು ಎಲ್ಲರೂ ಮಾತನಾಡಿಕೊಳ್ಳುತ್ತಿದ್ದ ಕಾಲ. ನಾನಾಗ ಬೆಳಗಾವಿಯ ಒಂದು ಕಾಜು ಕಾರ್ಖಾನೆಯ ಮ್ಯಾನೇಜರ್. ಗೋಡಂಬಿಯನ್ನು ನಮ್ಮ ಕಡೆ ಕಾಜು ಎಂದೇ ಕರೆಯುವುದು. ನಮ್ಮ ಸಾವಕಾರರಿಗೆ ಎರಡು ಕಾರ್ಖಾನೆಗಳಿದ್ದವು. ಊರೊಳಗಿನದು ನನ್ನ ಕೈಯಲ್ಲಿ. ಇನ್ನೊಂದು ಖಾನಾಪುರದಿಂದ ಜಾಂಬೋಟಿಗೆ ಹೋಗುವ ರಸ್ತೆಯಲ್ಲಿ, ಕಾಡು ಶುರುವಾಗುವಲ್ಲಿ. ಅದನ್ನು ವತ್ಸಲಾಬಾಯಿ ನೋಡಿಕೊಳ್ಳುತ್ತಿದ್ದರು. ಖಾನಾಪುರದವರು, ಬಿ.ಕಾಂ. ಓದಿದವರು, ಮನೆಯಲ್ಲಿ ಮರಾಠಿ, ಹೊರಗೆ ಕನ್ನಡ; ಸಿಟ್ಟು ಬಂದರೆ ಎರಡೂ. ನನಗಿಂತ ನಾಲ್ಕಾರು ವರ್ಷ ಚಿಕ್ಕವರಾದರೂ ಅವರ ಎದುರು ಕುಳಿತರೆ ನಾನೇ ಚಿಕ್ಕವನಂತೆ ಅನ್ನಿಸುತ್ತಿತ್ತು.

ಕೆಲಸ ಹೇಳಲಿಕ್ಕೆ ಸರಳ. ಗೇರುಬೀಜ ಒಡೆದು, ಒಳಗಿನ ಕಾಳನ್ನು ಡ್ರೈಯರಿನಲ್ಲಿ ಒಣಗಿಸಿ, ಮೇಲಿನ ಕೆಂಪು ಸಿಪ್ಪೆ ಸುಲಿಯಬೇಕು. ಸುಲಿಯುವುದು ಹೆಣ್ಣುಮಕ್ಕಳ ಕೈಕೆಲಸ. ಕಾಳು ಇಡಿಯಾಗಿ ಬಂದರೆ ಒಳ್ಳೆಯ ಧಾರಣೆ, ಮುರಿದರೆ ಅರ್ಧ ಬೆಲೆ. ಒಂದು ವರ್ಷ ನಮ್ಮ ಸಾವಕಾರರು ಪುಣೆಯಲ್ಲಿ ಯಾವುದೋ ತರಬೇತಿ ಶಿಬಿರಕ್ಕೆ ಹೋಗಿಬಂದರು. ಬಂದವರೇ ನಮ್ಮಿಬ್ಬರನ್ನೂ ಕರೆಸಿದರು.

"ನೋಡ್ರಿ, ಇನ್ನ ಮ್ಯಾಲೆ ನನ್ನ ಮನಸ್ಸಿಗೆ ಬಂದಂಗ ಯಾರನ್ನೂ ಚಲೋ ಅನ್ನೂದಿಲ್ಲ, ಕೆಟ್ಟ ಅನ್ನೂದಿಲ್ಲ. ಇಡೀ ಕಾಜು ಎಷ್ಟ ಬಂತು, ತುಂಡು ಎಷ್ಟ ಬಂತು, ಅದರ ಮ್ಯಾಲೆ ಮಾರ್ಕು. ವಶೀಲಿ ಇಲ್ಲ, ಮುಲಾಜಿಲ್ಲ. ಇನ್ನೊಂದು ವರ್ಷಕ್ಕ ನಿಮ್ಮಿಬ್ಬರೊಳಗ ಒಬ್ಬರು ಎರಡೂ ಕಾರ್ಖಾನಿಗೆ ಮುಖ್ಯಸ್ಥರು. ಇನ್ನೊಬ್ಬರು ಅವರ ಕೈಕೆಳಗ."

ಅವರನ್ನು ದೂರಬೇಡಿ. ಅವರು ನಿಜವಾಗಿಯೂ ನ್ಯಾಯವಾಗಿ ನಡೆಯಬೇಕೆಂದೇ ಹೊರಟವರು. ಅದಕ್ಕೂ ಮುಂಚೆ ಯಾರು ಅವರ ಮನೆಯ ಕಾರ್ಯಗಳಲ್ಲಿ ಹೆಚ್ಚು ಓಡಾಡುತ್ತಾರೋ ಅವರೇ ಒಳ್ಳೆಯ ಮ್ಯಾನೇಜರ್ ಎಂಬ ಪದ್ಧತಿ ಇತ್ತು. ಆ ಪದ್ಧತಿಯಲ್ಲಿ ನಾನು ಎಷ್ಟು ಬಾಳೆ ಎಲೆ ಹಾಸಿದ್ದೇನೆ ಎಂಬುದು ನನಗೇ ಗೊತ್ತು.

ತಿಂಗಳಿಗೊಮ್ಮೆ ಸಭೆ. ಪ್ರತಿ ಸಲವೂ ನಾನು ಮೇಲೆ, ವತ್ಸಲಾಬಾಯಿ ಕೆಳಗೆ. ಆ ದಿನ ನಾನು ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಹೋಗುತ್ತಿದ್ದೆ. ಅವರು ಖಾನಾಪುರದ ಬಸ್ಸಿಳಿದು, ಸೆರಗಿನಿಂದ ಮುಖ ಒರೆಸಿಕೊಳ್ಳುತ್ತ ಬಂದು, ತಮ್ಮ ಮಾರ್ಕು ಕೇಳಿಸಿಕೊಂಡು ಹೋಗುತ್ತಿದ್ದರು. ಅವರ ಕಡೆಯ ಹವೆಯೇ ಹಸಿ ಎಂಬುದು ನನಗೆ ಗೊತ್ತಿತ್ತು. ಆದರೆ ಗೆಲ್ಲುತ್ತಿರುವವನಿಗೆ ಹವೆಯ ನೆನಪು ಯಾಕೆ ಬರುತ್ತದೆ ಹೇಳಿ?

ಮಳೆಗಾಲಕ್ಕೆ ಮುಂಚಿನ ಸಭೆಯಲ್ಲಿ ಅವರು ಎದ್ದು ನಿಂತರು.

"ಸಾವಕಾರ್ರ, ಒಂದು ಮಾತು ಹೇಳ್ಲೇನ್ರಿ? ಈ ಮಳಿಗಾಲ ಇವರು ನನ್ನ ಜಾಗಾದಾಗ ಕುಂದರ್ಲಿ. ನಾ ಇವರ ಜಾಗಾಕ್ಕ ಬರ್ತೀನಿ. ಆಮ್ಯಾಲೆ ಮಾರ್ಕು ಹಾಕ್ರಿ."

ಸಾವಕಾರರು ಮೇಜು ತಟ್ಟಿದರು. "ಶಾಬಾಶ್! ಇದು ಖರೇ ಪರೀಕ್ಷಾ!"

ಬೇಡ ಎನ್ನುವುದು ಹೇಗೆ? ಬೇಡ ಅಂದರೆ ಇಷ್ಟು ತಿಂಗಳ ಮಾರ್ಕು ನನ್ನದಲ್ಲ, ಜಾಗದ್ದು ಎಂದು ನಾನೇ ಒಪ್ಪಿಕೊಂಡಂತೆ. ಹೂಂ ಅಂದರೆ, ಅಲ್ಲಿ ಹೋಗಿ ಸೋತರೆ, ಅದೇ ಸಾಬೀತು. ಗೆದ್ದರೆ ಈ ಹೆಣ್ಣುಮಗಳು ನನ್ನ ಕೈಕೆಳಗೆ ಬರುತ್ತಾಳೆ. ಅದೂ ಯಾಕೋ ಬೇಡವಾಗಿತ್ತು. "ಆಗ್ಲಿ" ಎಂದೆ.

ಜೂನಿನಲ್ಲಿ ಮಿರಗದ ಮಳೆ ಹಿಡಿಯುವ ಹೊತ್ತಿಗೆ ನಾನು ಜಾಂಬೋಟಿ ದಾರಿಯ ಬಸ್ಸಿನಲ್ಲಿದ್ದೆ. ಆ ಕಡೆಯ ಮಳೆ ನೋಡಿದವರಿಗೆ ಹೇಳಬೇಕಾಗಿಲ್ಲ. ನೋಡದವರಿಗೆ ಇಷ್ಟು ಸಾಕು: ಬೆಳಿಗ್ಗೆ ಗರಿಗರಿಯಾಗಿ ತೊಟ್ಟ ಅಂಗಿ ಮಧ್ಯಾಹ್ನಕ್ಕೆ ಕೂತಲ್ಲೇ ಮೆತ್ತಗಾಗುತ್ತಿತ್ತು. ಕಾಜುವಿಗೂ ಅದೇ ಗತಿ. ಡ್ರೈಯರಿನಿಂದ ಬಿಸಿಬಿಸಿಯಾಗಿ ಹೊರಬಂದ ಕಾಳು ಸುಲಿಯುವವರ ಕೈಗೆ ಹೋಗುವಷ್ಟರಲ್ಲಿ ತೇವ ಕುಡಿದು, ಸಿಪ್ಪೆ ಮೈಗೆ ಅಂಟಿಕೊಂಡುಬಿಡುತ್ತಿತ್ತು. ಒತ್ತಿದರೆ ತುಂಡು.

ಮೊದಲ ವಾರದಲ್ಲೇ ನನ್ನ ಅಂಕಿ ನೆಲ ಕಚ್ಚಿತು. ಅದರ ಮೇಲೆ ಹೆಣ್ಣುಮಕ್ಕಳು ಭತ್ತದ ನಾಟಿಗೆ ರಜೆ ಕೇಳಲು ಬಂದರು. ನಾನು ಕೊಡಲಿಲ್ಲ. ಅವರು ವಾದ ಮಾಡಲಿಲ್ಲ, ತಲೆಯಾಡಿಸಿ ಹೋದರು. ಮರುದಿನ ಸುಲಿಯುವ ಶೆಡ್ಡಿನಲ್ಲಿ ಅರ್ಧಕ್ಕರ್ಧ ಮಣೆಗಳು ಖಾಲಿ.

ಆಮೇಲಿನ ದಿನಗಳಲ್ಲಿ ನನಗೊಂದು ಅನುಮಾನ ಹತ್ತಿತು. ಅಂಜಿದ ಮನುಷ್ಯನಿಗೆ ಅನುಮಾನಕ್ಕೆ ಬರವೇ? ಶೆಡ್ಡಿನಲ್ಲಿ ಯಾರೋ ಮರಾಠಿಯಲ್ಲಿ ಏನೋ ಅಂದು ನಕ್ಕರೆ ನನ್ನನ್ನೇ ನೋಡಿ ನಕ್ಕಂತೆ. ಇವರು ಬೇಕಂತಲೇ ಮುರಿಯುತ್ತಿದ್ದಾರೆ, ವತ್ಸಲಾಬಾಯಿ ಹೇಳಿಕೊಟ್ಟು ಹೋಗಿದ್ದಾರೆ ಎಂದು ಮನಸ್ಸು ಹೇಳತೊಡಗಿತು. ಅನ್ನ ಸೇರಲಿಲ್ಲ. ಕೊನೆಗೆ ಒಂದು ದಿನ ತಡೆಯಲಾರದೆ, ಶೆಡ್ಡಿನ ಮುಂದಾಳಾಗಿದ್ದ ಪಾರ್ವತಿಯನ್ನು ಕರೆದು ಕೇಳಿಯೇಬಿಟ್ಟೆ.

"ಖರೇ ಹೇಳು. ವತ್ಸಲಾಬಾಯಿ ಹೋಗೋ ಮುಂದ ನಿಮಗ ಏನರೆ ಹೇಳಿ ಹೋಗ್ಯಾರೇನು?"

ಆಕೆ ನನ್ನ ಮುಖ ನೋಡಿದಳು. ಸಿಟ್ಟಿಗಿಂತ ಹೆಚ್ಚಾಗಿ ಬೇಸರವಿತ್ತು ಆ ನೋಟದಲ್ಲಿ.

"ಹೇಳ್ಯಾರ್ರೀ. ಹೊಸಾ ಸಾಹೇಬರಿಗೆ ಇಲ್ಲಿದು ರೂಢಿ ಇಲ್ಲ, ಕೇಳಿದ್ರ ಎಲ್ಲಾ ಹೇಳ್ರಿ ಅಂದಾರ. ನೀವು ಏನೂ ಕೇಳಲಿಲ್ಲ. ಈಗ ಕೇಳಾಕ ಬಂದೀರಿ, ಕೇಳಿದ್ದು ಇದು."

ಆಕೆ ಹೊರಟುಹೋದಳು. ನಾನು ಕುರ್ಚಿಯಲ್ಲಿ ಕೂತೇ ಇದ್ದೆ. ಹೆಂಚಿನ ಮೇಲೆ ಮಳೆ ಸುರಿಯುತ್ತಿತ್ತು. ಟೆಲಿಫೋನು ಎದುರಿಗೇ ಇತ್ತು. ಅದನ್ನೆತ್ತಿ ಪ್ರತಿಸ್ಪರ್ಧಿಗೆ ಫೋನು ಮಾಡುವುದೆಂದರೆ ಸೋತೆ ಎಂದು ಬರೆದುಕೊಟ್ಟಂತೆ. ಎತ್ತಿದೆ, ಇಟ್ಟೆ. ಮತ್ತೆ ಎತ್ತಿದೆ.

"ಬಾಯಿ, ನಾನು. ಕಾಳು ಮುರೀಲಿಕ್ಕೆ ಹತ್ಯಾವ. ಏನ್ ಮಾಡ್ಲಿ ತಿಳೀವಲ್ದು."

ಆ ಕಡೆ ಅವರು ಉಸಿರು ಬಿಟ್ಟದ್ದು ಕೇಳಿಸಿತು. "ಕೇಳ್ತೀರೋ ಇಲ್ಲೋ ಅಂತ ಕಾಯ್ಕೋತ ಕುಂತಿದ್ನಿ. ಡ್ರೈಯರಿನಿಂದ ಒಮ್ಮೆಲೆ ಎಲ್ಲಾ ಹೊರಗ ತಗೀಬ್ಯಾಡ್ರಿ. ಥೋಡೆ ಥೋಡೆ ತಗೀರಿ, ಬಿಸಿ ಇರೂವಾಗನ ಸುಲೀಲಿ. ನಾಟಿ ದಿನದಾಗ ಪಾಳಿ ಮ್ಯಾಲೆ ರಜಾ ಕೊಡ್ರಿ, ಅವರವರ ನಡುವ ಅವರ ಹೊಂದಸ್ಕೋತಾರ."

"ಇದನ್ನ ಮೊದಲ ಹೇಳಬಹುದಿತ್ತಲ್ರೀ?"

"ನಾನಾಗೇ ಹೇಳಿದ್ರ ನೀವು ನಂಬ್ತಿದ್ರೇನ್ರಿ?"

ಇಲ್ಲ. ನಂಬುತ್ತಿರಲಿಲ್ಲ. ಕೆಡಿಸಲಿಕ್ಕೇ ಹೇಳುತ್ತಿದ್ದಾರೆ ಅಂದುಕೊಳ್ಳುತ್ತಿದ್ದೆ. ಆಮೇಲೆ ಅವರೇ ಅಂದರು, ದನಿ ತಗ್ಗಿಸಿ:

"ಈಗ ನಾ ಕೇಳ್ತೀನಿ. ಇಲ್ಲಿ ನಿಮ್ಮ ಹೆಣ್ಮಕ್ಕಳು ನನ್ನ ಜೋಡಿ ಬಾಯಿನ ಬಿಡವಲ್ಲರು. ಕೆಲಸಾ ಮಾಡ್ತಾರ, ಖರೇ ಮಾರಿ ಗಂಟು ಹಾಕ್ಕೊಂಡು. ನಾ ಏನ್ ತಪ್ಪ ಮಾಡೀನಿ?"

ಒಂದು ಕ್ಷಣ ಹಿಗ್ಗಾಯಿತು, ಸುಳ್ಳು ಹೇಳುವುದಿಲ್ಲ. ಆಮೇಲೆ ಯೋಚಿಸಿ ಕೇಳಿದೆ: "ರೇಡಿಯೋ ಹಚ್ಚೀರೇನು?"

"ರೇಡಿಯೋ? ಕೆಲಸದಾಗ ರೇಡಿಯೋ ಯಾಕಂತ ಬಂದ್ ಮಾಡಿಸೀನಿ."

"ಅದನ್ನ ಹಚ್ರಿ ಬಾಯಿ. ಹಾಡು ನಿಂತ್ರ ಅವರ ಕೈ ನಿಂತಂಗನ."

ಆ ಮಳೆಗಾಲದ ಉಳಿದ ದಿನಗಳಲ್ಲಿ ನಾವು ಆಗಾಗ ಫೋನು ಮಾಡಿಕೊಳ್ಳುತ್ತಿದ್ದೆವು, ಕದ್ದು ಮಾತನಾಡುವವರ ಹಾಗೆ. ಸಾವಕಾರರಿಗೆ ತಿಳಿದರೆ ಪರೀಕ್ಷೆಯಲ್ಲಿ ನಕಲು ಹೊಡೆದಂತಾಗುತ್ತದೆಂಬ ಭಯ ಇಬ್ಬರಿಗೂ. ನನ್ನ ಅಂಕಿ ನಿಧಾನ ಮೇಲೆದ್ದಿತು. ಆದರೆ ಅವರು ಅಲ್ಲಿದ್ದಾಗಿನ ಮಟ್ಟ ಮುಟ್ಟಲಿಲ್ಲ. ಅವರದು ನನ್ನ ಹಳೆಯ ಅಂಕಿಯನ್ನು ಹೆಚ್ಚುಕಡಿಮೆ ಮುಟ್ಟಿತು.

ಗಣಪತಿ ಹಬ್ಬ ಮುಗಿದ ಮೇಲೆ ಸಭೆ. ಅಂದು ನಾನು ಯಾವ ಅಂಗಿ ಹಾಕಿಕೊಂಡಿದ್ದೆನೋ ನೆನಪಿಲ್ಲ. ಸಾವಕಾರರು ಗಂಟಲು ಸರಿಮಾಡಿಕೊಂಡರು.

"ಲೆಕ್ಕ ಸಾಫ್ ಐತಿ. ಬಾಯಿ ಅಲ್ಲೂ ನಡಸ್ತಾರ, ಇಲ್ಲೂ ನಡಸ್ತಾರ. ಹಂಗಾರ ಮುಖ್ಯಸ್ಥರು—"

"ಥಾಂಬ್ರಿ, ಥೋಡೆ ತಡೀರಿ" ಎಂದರು ವತ್ಸಲಾಬಾಯಿ. "ಇಲ್ಲಿ ನಾ ಕುಂತದ್ದು ಇವರು ಕಲಿಸಿದ ಮಂದಿ ನಡುವ. ನನ್ನ ಮಾರ್ಕಿನಾಗ ಇವರದ ಪಾಲು ಭಾಳ ಐತಿ. ಇವರು ಅಲ್ಲಿ ಹೋಗಿದ್ದು ಮೊದಲನೇ ಮಳಿಗಾಲಕ್ಕ. ಮತ್ತ ಇನ್ನೊಂದು ಹೇಳ್ತೀನಿ. ನಾವು ಇಬ್ಬರೂ ಫೋನಿನ್ಯಾಗ ಕೇಳಿ ಕೇಳಿ ಮಾಡೀವಿ."

ಸಾವಕಾರರ ಮುಖ ಕೆಂಪಾಯಿತು. ನನ್ನ ಕಡೆ ತಿರುಗಿದರು. ನಾನು ತಲೆಯಾಡಿಸಿದೆ. ಕಿಟಕಿಯ ಹೊರಗೆ ಯಾರದೋ ಸ್ಕೂಟರು ಶುರುವಾಗದೆ ಒದ್ದಾಡುತ್ತಿತ್ತು.

"ಅಲ್ಲ, ಮಾರ್ಕಿನ ಮ್ಯಾಲೆ ನಂಬಿಕಿ ಇಡಬ್ಯಾಡ ಅಂತೀರಿ. ನಿಮ್ಮ ಮಾತಿನ ಮ್ಯಾಲೆ ಇಡಬೇಕಂದ್ರ ನನ್ನ ಕಣ್ಣು ತಪ್ಪಿಸಿ ಮಾತಾಡ್ಕೊಂಡೀರಿ. ಮತ್ತ ನಾ ಯಾರನ್ನ ನಂಬ್ಲಿ, ಹೆಂಗ ನಂಬ್ಲಿ?"

ಅದು ಸಿಟ್ಟಿನ ಮಾತಲ್ಲ ಎಂದು ನನಗೆ ಆಗ ಹೊಳೆಯಿತು. ಅವರೂ ಅಂಜಿದ್ದರು. ತಾವು ನೋಡದ ಜಾಗದಲ್ಲಿ ತಮ್ಮದೆಲ್ಲವನ್ನೂ ಬೇರೆಯವರ ಕೈಗೆ ಕೊಟ್ಟು ಕುಳಿತ ಮನುಷ್ಯ. ಇಷ್ಟು ದಿನ ನಾನೊಬ್ಬನೇ ಅಂಜುತ್ತಿದ್ದೇನೆಂದು ತಿಳಿದುಕೊಂಡಿದ್ದೆ.

"ಬಂದು ನೋಡ್ರಿ ಸಾವಕಾರ್ರ" ಎಂದರು ವತ್ಸಲಾಬಾಯಿ ಮೆಲ್ಲಗೆ. "ಬ್ಯಾಸಿಗ್ಯಾಗ ಬಂದು ಚಹಾ ಕುಡದು ಹೋಗ್ತೀರಿ. ಮಳ್ಯಾಗ ಒಮ್ಮೆ ಬರ್ರಿ. ನಮ್ಮ ಜೋಡಿ ಕುಂದರ್ರಿ."

ಅವರು ಬಂದರು. ಆ ವರ್ಷ ಮಳೆ ಇನ್ನೂ ಹೊರಟಿರಲಿಲ್ಲ. ಅವರ ಕಾರು ಜಾಂಬೋಟಿ ದಾರಿಯ ಕಾರ್ಖಾನೆಯ ಮುಂದಿನ ಕೆಸರಿನಲ್ಲಿ ಸಿಕ್ಕಿಬಿತ್ತು, ನಾನೇ ಹಿಂದಿನಿಂದ ನೂಕಿದೆ, ಅರ್ಧ ಕೆಸರು ನನ್ನ ಮುಖಕ್ಕೆ ಬಂತು. ಶೆಡ್ಡಿನಲ್ಲಿ ಅವರಿಗೊಂದು ಕುರ್ಚಿ ಹಾಕಿದ್ದರು. ಸ್ವಲ್ಪ ಹೊತ್ತಿಗೆ ಅವರೇ ಅದನ್ನು ಸರಿಸಿ ಒಂದು ಮಣೆ ಎಳೆದುಕೊಂಡು ಕುಳಿತರು. ಒಂದು ಕಾಳು ತೆಗೆದುಕೊಂಡು ಸಿಪ್ಪೆ ಬಿಡಿಸಲು ನೋಡಿದರು. ಮುರಿಯಿತು. ಇನ್ನೊಂದು. ಅದೂ ಮುರಿಯಿತು. ಹೆಣ್ಣುಮಕ್ಕಳು ನಗು ತಡೆದುಕೊಂಡರು. ಪಾರ್ವತಿ ಮಾತ್ರ ತಡೆದುಕೊಳ್ಳಲಿಲ್ಲ. ಸಾವಕಾರರು ಸಂಜೆಯವರೆಗೂ ಅಲ್ಲೇ ಇದ್ದರು. ಹೋಗುವಾಗ ಇಷ್ಟೇ ಅಂದರು: "ಮುಖ್ಯಸ್ಥರ ಮಾತು ಈಗ ಬ್ಯಾಡ. ನಾ ಇನ್ನೂ ನೋಡಬೇಕು."

ನೋಡಿದರು. ಎರಡು ವರ್ಷ, ಎರಡೂ ಕಡೆ, ಮಳೆ ಬಿಸಿಲೆನ್ನದೆ ಬಂದು ಹೋಗಿ ಮಾಡಿದರು. ಆಮೇಲೆ ಒಂದು ದಿನ ನನ್ನೊಬ್ಬನನ್ನೇ ಕರೆದು ಬಾಗಿಲು ಮುಂದೆ ಮಾಡಿದರು.

"ಬಾಯಿನ್ನ ಮುಖ್ಯಸ್ಥರನ್ನಾಗಿ ಮಾಡಬೇಕಂತೀನಿ. ಯಾಕಂತ ನಿಮಗ ಮೊದಲ ಹೇಳ್ತೀನಿ. ನೀವು ಕೆಲಸಾ ಚಲೋ ಮಾಡ್ತೀರಿ. ಖರೇ, ಅಡಚಣಿ ಬಂದ್ರ ಒಳಗ ಇಟ್ಕೊಂಡು ಕೊರಗ್ತೀರಿ. ಕುತ್ತಿಗಿಗೆ ಬರೂತನಕ ಯಾರನ್ನೂ ಕೇಳೂದಿಲ್ಲ. ಬಾಯಿ ಕೇಳ್ತಾರ. ಇದು ಸುಳ್ಳ ಅನಿಸಿದ್ರ ಈಗ ಹೇಳ್ರಿ, ನಾ ಕೇಳ್ತೀನಿ."

ನಾನು ಬಹಳ ಹೊತ್ತು ಯೋಚಿಸಿದೆ. ಸುಳ್ಳು ಎನ್ನಲು ಒಂದು ಕಾರಣವಾದರೂ ಸಿಗಲಿ ಎಂದು ಹುಡುಕಿದೆ. ಸಿಗಲಿಲ್ಲ. ನೋವಾಯಿತೇ? ಆಯಿತು, ಒಂದೆರಡು ತಿಂಗಳು ಹೆಂಡತಿಯ ಮುಂದೆಯೂ ಸರಿಯಾಗಿ ಮಾತನಾಡಲಿಲ್ಲ. ಆದರೆ ಮೊದಲು ಸದಾ ಮೇಲಿದ್ದಾಗ ಬಾರದ ನಿದ್ದೆ ಆಮೇಲೆ ಬರತೊಡಗಿತು. ಸೋತದ್ದು ಯಾಕೆ ಎಂದು ನನಗೆ ಗೊತ್ತಿತ್ತಲ್ಲ. ಗೆದ್ದದ್ದು ಯಾಕೆ ಎಂದು ಯಾವತ್ತೂ ಗೊತ್ತಿರಲಿಲ್ಲ. ನಿವೃತ್ತಿಯವರೆಗೂ ವತ್ಸಲಾಬಾಯಿಯ ಕೈಕೆಳಗೇ ದುಡಿದೆ. ಅವರು ನನ್ನನ್ನು "ಸಾಹೇಬ್ರ" ಎಂದು ಕರೆಯುವುದನ್ನು ಬಿಡಲಿಲ್ಲ.

ಆದರೂ ಒಂದು ಉಳಿದೇ ಇತ್ತು. ಸಾವಕಾರರು ನನ್ನ ಬಗ್ಗೆ ಹೇಳಿದರು. ವತ್ಸಲಾಬಾಯಿ ಎಂದೂ ಹೇಳಲಿಲ್ಲ, ನಾನೂ ಕೇಳಲಿಲ್ಲ. ನಿನ್ನೆ ಬೆಳಿಗ್ಗೆ ಏನನ್ನಿಸಿತೋ, ಖಾನಾಪುರಕ್ಕೆ ಫೋನು ಹಚ್ಚಿದೆ. ಈಗ ಅವರಿಗೂ ವಯಸ್ಸಾಗಿದೆ, ದನಿ ಮಾತ್ರ ಹಾಗೇ ಇದೆ. ಅದೂ ಇದೂ ಮಾತಾಡಿ, ಕೊನೆಗೆ ಕೇಳಿದೆ.

"ಬಾಯಿ, ಇಷ್ಟು ವರ್ಷ ನಿಮ್ಮ ಕೈಕೆಳಗ ಇದ್ದೆ. ನಾ ಹೆಂಗಿದ್ದೆ, ಖರೇ ಖರೇ ಹೇಳ್ರಿ."

ಕೇಳಿ, ಫೋನನ್ನು ಕಿವಿಗೆ ಇನ್ನಷ್ಟು ಒತ್ತಿಕೊಂಡೆ.

"ಅದನ್ನ ಫೋನಿನ್ಯಾಗ ಹೇಳೂದಲ್ರೀ, ಸಾಹೇಬ್ರ" ಎಂದರು. "ನಾಳಿ ಮನಿಗೆ ಬರ್ರಿ. ಮಾರಿ ನೋಡಿ ಹೇಳ್ತೀನಿ."

ಇವತ್ತು ಬೆಳಿಗ್ಗೆ ಬೇಗ ಸ್ನಾನ ಮಾಡಿದೆ. ಹೆಂಡತಿ ನಾಷ್ಟಾ ಹಾಕಿದಳು, ಅರ್ಧ ಬಿಟ್ಟೆ. ಈಗ ಖಾನಾಪುರದ ಬಸ್ಸಿನಲ್ಲಿ ಕಿಟಕಿಯ ಬಳಿ ಕುಳಿತಿದ್ದೇನೆ. ಅಂಜಿಕೆ ಇದೆ, ಇಲ್ಲ ಎನ್ನುವುದಿಲ್ಲ. ಆದರೆ ಈ ಸಲ ಯಾರೂ ಕರೆಸಿಲ್ಲ. ನಾನೇ ಕೇಳಿಕೊಂಡು ಹೊರಟಿದ್ದೇನೆ.