ಚನ್ನಮಲ್ಲಪ್ಪನವರು ಬಿಚ್ಚಿದ ಬ್ರೇಕು

ಕೊಡ್ಲಿಪೇಟೆ ಬಸ್‌ಸ್ಟ್ಯಾಂಡಿನ ಎದುರು ನಲವತ್ತು ವರ್ಷ ಸೈಕಲ್ ರಿಪೇರಿ ಮಾಡಿದ ಚನ್ನಮಲ್ಲಪ್ಪನವರ ಬಗ್ಗೆ ಬರೆಯಬೇಕೆಂದು ನಾನು ಕೂತಿರುವುದು ಇದು ಮೂರನೇ ಸಲ. ಮೊದಲೆರಡು ಸಲವೂ ಬರೆದದ್ದನ್ನು ಹರಿದು ಒಲೆಗೆ ಹಾಕಿದೆ. ನನ್ನ ಹೆಸರು ಬಾರದ ಹಾಗೆ ಬರೆಯಲು ನೋಡಿದ್ದೇ ತಪ್ಪಾಗಿತ್ತು. ಆದ್ದರಿಂದ ಈ ಸಲ ಮೊದಲೇ ಹೇಳಿಬಿಡುತ್ತೇನೆ: ನಾನು ಮಾಲತಿ, ಇಲ್ಲಿನ ಹೈಸ್ಕೂಲಿನಲ್ಲಿ ವಿಜ್ಞಾನದ ಟೀಚರು. ಬಾಯಿ ಜೋರು ಅಂತ ಊರೆಲ್ಲ ಹೆಸರಿದೆ.

ಚನ್ನಮಲ್ಲಪ್ಪನವರದು ನನ್ನದಕ್ಕಿಂತ ಜೋರು ಬಾಯಿ, ಆದರೆ ಅದು ಸೈಕಲ್ಲುಗಳ ಮೇಲೆ ಮಾತ್ರ. ಚೈನು ಬಿಗಿಯಾಗದಿದ್ದರೆ ಅದಕ್ಕೆ ಬೈಯುತ್ತಿದ್ದರು, ತುಕ್ಕು ಹಿಡಿದ ನಟ್ಟಿಗೆ "ನಿನ್ನ ಮನೆ ಹಾಳಾಗ" ಅನ್ನುತ್ತಿದ್ದರು. ಮನುಷ್ಯರ ಜೊತೆ ಮಾತು ಕಡಿಮೆ. ಬನಿಯನ್ನಿನ ಒಳಗೆ ಲಿಂಗದ ಕರಡಿಗೆ, ಹಣೆಯಲ್ಲಿ ಮೂರು ಬೆರಳ ವಿಭೂತಿ. ಗ್ರೀಸಿನ ಕೈಯನ್ನು ಸೀಮೆಎಣ್ಣೆಯಲ್ಲೊಮ್ಮೆ, ಸೋಪಿನಲ್ಲಿ ಎರಡು ಸಲ ತೊಳೆಯದೆ ಅವರು ಕರಡಿಗೆ ಮುಟ್ಟಿದ್ದನ್ನು ನಾನು ನೋಡಿಲ್ಲ. ಎಂಟನೇ ತರಗತಿ ಮಕ್ಕಳಿಗೆ ಸರ್ಕಾರ ಸೈಕಲ್ ಕೊಡುತ್ತಿದ್ದ ಕಾಲದಲ್ಲಿ ಆ ಸೈಕಲ್ಲುಗಳು ಅರ್ಧಂಬರ್ಧ ಜೋಡಣೆಯಾಗಿಯೇ ಬರುತ್ತಿದ್ದವು. ಒಂದೊಂದನ್ನೂ ನೆಲಕ್ಕೆ ಮಲಗಿಸಿ, ಎಲ್ಲ ನಟ್ಟನ್ನೂ ಹೊಸದಾಗಿ ಬಿಗಿದು, ಕೊನೆಗೆ ಒಂದು ಕೆಲಸ ಮಾಡಿ ಮಕ್ಕಳ ಕೈಗೆ ಕೊಡುತ್ತಿದ್ದರು. ಮುಂದಿನ ಬ್ರೇಕನ್ನು ಸಡಿಲ ಮಾಡಿಬಿಡುತ್ತಿದ್ದರು.

ನಮ್ಮ ಕಡೆ ಮುಂದಿನ ಬ್ರೇಕನ್ನು ಯಾರೂ ನಂಬುವುದಿಲ್ಲ. ಅದಕ್ಕೆ ಕಾರಣವೂ ಇದೆ. ಚನ್ನಮಲ್ಲಪ್ಪನವರಿಗೆ ಹದಿನೇಳು ವರ್ಷವಾಗಿದ್ದಾಗ ಅವರ ಅಣ್ಣ, ಹಿಂದಿನ ಕ್ಯಾರಿಯರ್ ಮೇಲೆ ಹಾಲಿನ ಕ್ಯಾನು ಕಟ್ಟಿಕೊಂಡು ಜಲ್ಲಿ ಇಳಿಜಾರಿನಲ್ಲಿ ಬರುವಾಗ ಎದುರಿಗೆ ದನ ಬಂತೆಂದು ಮುಂದಿನ ಬ್ರೇಕ್ ಹಿಡಿದ. ಹ್ಯಾಂಡಲ್ ಮೇಲಿಂದ ಹಾರಿ ಬಿದ್ದು ಕತ್ತು ಮುರಿದುಕೊಂಡು ಅಲ್ಲೇ ಹೋದ. ಆವತ್ತಿನಿಂದ ಅವರ ಕೈಗೆ ಬಂದ ಯಾವ ಸೈಕಲ್ಲಿನಲ್ಲೂ ಮುಂದಿನ ಬ್ರೇಕ್ ಉಳಿಯಲಿಲ್ಲ. ಹಾಲಿನವರು, ಕಾಫಿ ಮೂಟೆ ಹೊರುವವರು, ಎಸ್ಟೇಟಿನ ಲೈನ್‌ಮನೆಗಳ ಕೂಲಿಯವರು ಎಲ್ಲರೂ ಅದನ್ನು ಒಪ್ಪಿಕೊಂಡಿದ್ದರು. ನಾನು ಹುಡುಗಿಯಾಗಿದ್ದಾಗ ಓಡಿಸುತ್ತಿದ್ದ ಸೈಕಲ್ಲಿಗೂ ಅದು ಇರಲಿಲ್ಲ.

ಎರಡು ವರ್ಷದ ಹಿಂದೆ ಜನವರಿಯಲ್ಲಿ ಮಡಿಕೇರಿ ನಗರದಲ್ಲಿ ಸೈಕಲ್ ಹಬ್ಬ ಮಾಡುತ್ತೇವೆಂದು ಕೆಲವು ಹುಡುಗರು ಹೊರಟರು. ಅವರ ಮುಂದಾಳು ಚೈತನ್ಯ ಎನ್ನುವ ಯುವಕ, ಕಾಫಿ ಎಸ್ಟೇಟಿನವರ ಮಗ, ಒಳ್ಳೆಯವನೇ. ಭಾನುವಾರ ಬೆಳಿಗ್ಗೆ ಪೇಟೆ ರಸ್ತೆಯಲ್ಲಿ ಗಾಡಿಗಳ ಓಡಾಟ ನಿಲ್ಲಿಸಿ, ಶಾಲಾ ಮಕ್ಕಳಿಂದ ಸೈಕಲ್ ಜಾಥಾ. ಸೈಕಲ್ ಇಲ್ಲದವರಿಗೆ ಅವರೇ ಹೊಸ ಗೇರ್ ಸೈಕಲ್ ಕೊಡುತ್ತಾರೆ. ಜೊತೆಗೆ ಜಿಲ್ಲೆಯ ಒಬ್ಬ ಹಳೇ ಮೆಕ್ಯಾನಿಕ್ಕಿಗೆ ಸನ್ಮಾನ. ಅದಕ್ಕೆ ಚನ್ನಮಲ್ಲಪ್ಪನವರ ಹೆಸರು ಕೊಟ್ಟವಳು ನಾನು. ನಮ್ಮೂರಿನವರೂ ಒಮ್ಮೆ ಜಿಲ್ಲಾ ಕೇಂದ್ರದಲ್ಲಿ ಶಾಲು ಹೊದೆಸಿಕೊಳ್ಳಲಿ ಅನ್ನುವ ಆಸೆ. ಆ ನೆಪದಲ್ಲಿ ನಾನೂ ವೇದಿಕೆಯ ಹತ್ತಿರ ಓಡಾಡಬಹುದೆಂಬ ಚಪಲವೂ ಇತ್ತು, ಸುಳ್ಳು ಯಾಕೆ ಹೇಳಲಿ.

ಶಾಲೆಯಿಂದ ಹನ್ನೊಂದು ಮಕ್ಕಳನ್ನು ಕರೆದುಕೊಂಡು ಹೋದೆ. ಅವರಲ್ಲಿ ಅಮೃತಾ ಒಬ್ಬಳು, ಒಂಬತ್ತನೇ ತರಗತಿ. ತಾಯಿ ಸುಧಾ ಅಂಗನವಾಡಿ ಸಹಾಯಕಿ, ಗಂಡ ತೀರಿಕೊಂಡು ಎಂಟು ವರ್ಷ, ಒಬ್ಬಳೇ ಮಗಳು. ಸುಧಾ ಮೊದಲು ಬೇಡವೆಂದಿದ್ದಳು. "ನಾನಿದ್ದೀನಲ್ಲ, ಕಳಿಸು," ಅಂದೆ. ಅಷ್ಟಕ್ಕೇ ಒಪ್ಪಿಗೆ ಪತ್ರಕ್ಕೆ ಸಹಿ ಹಾಕಿ ಕೊಟ್ಟಳು.

ಮಡಿಕೇರಿಯಲ್ಲಿ ಆವತ್ತು ಮಂಜು ಬೇಗ ಕರಗಿ ಒಳ್ಳೆ ಬಿಸಿಲು ಬಂದಿತ್ತು. ಮೈದಾನದ ತುಂಬ ಬಣ್ಣದ ಬಾವುಟ, ಮೈಕಿನಲ್ಲಿ ಹಾಡು, ಎಲ್ಲೆಲ್ಲಿಂದಲೋ ಬಂದ ದುಬಾರಿ ಸೈಕಲ್ಲುಗಳು. ಚನ್ನಮಲ್ಲಪ್ಪನವರು ಒಂದೊಂದರ ಹತ್ತಿರವೂ ನಿಂತು ಬಗ್ಗಿ ನೋಡುತ್ತಿದ್ದರು. "ಇದರ ತೂಕ ನಮ್ಮ ಸೈಕಲ್ಲಿನ ಕ್ಯಾರಿಯರ್‌ನಷ್ಟೂ ಇಲ್ವಲ್ಲ ಟೀಚರೇ," ಅಂದು ಒಂದನ್ನು ಒಂದೇ ಕೈಯಲ್ಲಿ ಎತ್ತಿ ಇಟ್ಟರು. ಅವರು ಅಷ್ಟು ಖುಷಿಯಾಗಿದ್ದನ್ನು ನಾನು ಕಂಡದ್ದು ಅದೊಂದೇ ದಿನ. ಶಾಲು, ಮೈಸೂರು ಪೇಟ, ಹಣ್ಣಿನ ಬುಟ್ಟಿ ಎಲ್ಲ ಆಯಿತು. ಮಾತಾಡಿ ಅಂತ ಮೈಕು ಕೊಟ್ಟರೆ ಕೈಮುಗಿದು ಕೆಳಗಿಳಿದುಬಿಟ್ಟರು.

ಆಮೇಲೆ ಚೈತನ್ಯ ಮೈಕಿನಲ್ಲಿ ಮಕ್ಕಳಿಗೆ ಸೂಚನೆ ಕೊಟ್ಟ. ಇಳಿಜಾರಿನಲ್ಲಿ ಎರಡೂ ಬ್ರೇಕನ್ನು ಒಟ್ಟಿಗೆ ಹಿಡಿಯಬೇಕು, ಒಂದನ್ನೇ ಹಿಡಿಯಬಾರದು. ನಾನು ಕೇಳಿಸಿಕೊಂಡೆ. ಚನ್ನಮಲ್ಲಪ್ಪನವರ ಗಮನ ಅತ್ತ ಇರಲಿಲ್ಲ, ಅವರು ಆಗಲೇ ಮರದ ನೆರಳಲ್ಲಿ ಕೂತು ನಮ್ಮ ಮಕ್ಕಳ ಸೀಟು ಎತ್ತರ ಸರಿಮಾಡುತ್ತಿದ್ದರು. ಸನ್ಮಾನಕ್ಕೆ ಬಂದವರು ಕೈಚೀಲದಲ್ಲಿ ಸ್ಪ್ಯಾನರ್ ಇಟ್ಟುಕೊಂಡು ಬಂದಿದ್ದರು. ಹಬ್ಬದವರು ಕೊಟ್ಟ ಗೇರ್ ಸೈಕಲ್ ತಳ್ಳಿಕೊಂಡು ಅಮೃತಾ ಕೊನೆಯಲ್ಲಿ ಬಂದಳು.

"ತಾತ, ಇಲ್ಲಿ ಇಳಿಜಾರು ಜಾಸ್ತಿ ಅಂತೆ. ನಂಗೆ ಹೆದರಿಕೆ ಆಗ್ತದೆ."

"ಹೆದರಬ್ಯಾಡ ಮಗಾ. ಬಾ ಇಲ್ಲಿ," ಅಂದು ಅವರು ಮುಂದಿನ ಚಕ್ರದ ಮುಂದೆ ಕೂತರು. ಆ ಹೊಸ ಸೈಕಲ್ಲಿನಲ್ಲಿ ಸ್ಪ್ಯಾನರ್ ಕೂಡ ಬೇಕಾಗಲಿಲ್ಲ. ಬ್ರೇಕಿನ ತಂತಿಯನ್ನು ಬೆರಳಿನಿಂದ ಒತ್ತಿ ಕೊಕ್ಕೆಯಿಂದ ಬಿಡಿಸಿದರು. ಉಳಿದ ಹತ್ತು ಮಕ್ಕಳದ್ದಕ್ಕೆ ಮಾಡಲಿಲ್ಲ, ಹೆದರಿದವಳಿಗೆ ಮಾತ್ರ ಮಾಡಿದರು. ನನ್ನ ಕಡೆ ತಿರುಗಿ, "ಮುಂದಿಂದು ಬಿಡಿಸಿದೀನಿ ಟೀಚರೇ. ಇನ್ನು ಮಗುಚ್ಕಳಲ್ಲ," ಅಂದರು.

ನಾನು, "ಒಳ್ಳೇದು ಮಾಡಿದ್ರಿ," ಅಂದೆ.

ಒಂಬತ್ತನೇ ತರಗತಿಗೆ ಚಲನೆಯ ಪಾಠ ಮಾಡುವವಳು ನಾನು. ಹಿಂದೆ ಹಾಲಿನ ಕ್ಯಾನಿನ ಭಾರ ಇದ್ದರೆ ಹಿಂದಿನ ಚಕ್ರ ನೆಲ ಕಚ್ಚುತ್ತದೆ, ಹಿಂದಿನ ಬ್ರೇಕೊಂದೇ ಸಾಕಾಗುತ್ತದೆ. ಹೂವಿನಂಥ ಸೈಕಲ್ಲಿನ ಮೇಲೆ ಮೂವತ್ತೆಂಟು ಕೇಜಿಯ ಹುಡುಗಿ ಟಾರು ಇಳಿಜಾರಿನಲ್ಲಿ ಹಿಂದಿನದನ್ನು ಮಾತ್ರ ಹಿಡಿದರೆ ಚಕ್ರ ಜಾರುತ್ತದೆ, ಸೈಕಲ್ ನಿಲ್ಲುವುದಿಲ್ಲ. ಇದನ್ನು ಬೋರ್ಡಿನ ಮೇಲೆ ಬಾಣ ಎಳೆದು ತೋರಿಸಬಲ್ಲೆ. ಆದರೂ ಒಳ್ಳೇದು ಮಾಡಿದ್ರಿ ಅಂದೆ. ಐದು ನಿಮಿಷದ ಹಿಂದೆ ಕೇಳಿದ ಸೂಚನೆ ನನ್ನ ತಲೆಯೊಳಗೆ ಹೋಗಲೇ ಇಲ್ಲ, ಹುಟ್ಟಿದಾಗಿನಿಂದ ಕೇಳಿದ್ದೇ ಅಲ್ಲಿ ಕೂತಿತ್ತು.

ಜಾಥಾ ಹೊರಟು ಹದಿನೈದು ನಿಮಿಷಕ್ಕೆ ಮೈಕು ಇದ್ದಕ್ಕಿದ್ದಂತೆ ನಿಂತುಹೋಯಿತು. ನಾವು ಓಡಿದೆವು. ಪೇಟೆ ದಾಟಿದ ಮೇಲಿನ ಇಳಿಜಾರಿನ ತಿರುವಿನಲ್ಲಿ ಒಂದು ಹಳೇ ಕಾಂಪೌಂಡಿನ ಕಲ್ಲುಗೋಡೆ. ಅದರ ಮೂಲೆ ಅಮೃತಾಳ ಎದೆಗೆ ಬಡಿದಿತ್ತು. ತಲೆಗೆ ಹೆಲ್ಮೆಟ್ ಇತ್ತು, ಮುಖದಲ್ಲಿ ಒಂದು ಗೀರೂ ಇರಲಿಲ್ಲ. "ಟೀಚರ್" ಅಂದಳು, ಮುಂದೆ ಮಾತಾಡಲಿಲ್ಲ. ಮಡಿಕೇರಿ ಆಸ್ಪತ್ರೆಯಲ್ಲಿ ಆಗುವಷ್ಟು ಮಾಡಿ ಮೈಸೂರಿಗೆ ಕಳಿಸಿದರು. ಆಂಬುಲೆನ್ಸಿನಲ್ಲಿ ನಾನೂ ಇದ್ದೆ. ಕುಶಾಲನಗರ ದಾಟುವ ಮೊದಲೇ ಎಲ್ಲ ಮುಗಿಯಿತು.

ಹುಡುಗಿ ಬ್ರೇಕ್ ಹಿಡಿಯದೆ ವೇಗವಾಗಿ ಬಂದು ಹತೋಟಿ ತಪ್ಪಿದಳು ಎಂದು ಪೊಲೀಸರ ಕಾಗದದಲ್ಲಿ ದಾಖಲಾಯಿತು. ಬೆಳಿಗ್ಗೆ ಪ್ರತಿ ಸೈಕಲ್ಲನ್ನೂ ಪರೀಕ್ಷೆ ಮಾಡಿದ್ದ ಪಟ್ಟಿ ಚೈತನ್ಯನ ಹತ್ತಿರ ಇತ್ತು, ಆದ್ದರಿಂದ ಕಳಚಿದ ತಂತಿ ಗೋಡೆಗೆ ಬಡಿದಾಗ ಕಳಚಿದ್ದೆಂದು ಎಲ್ಲರೂ ಅಂದುಕೊಂಡರು. ನಮ್ಮೂರಲ್ಲಿ ಮಾತು ಇನ್ನೂ ಕೆಟ್ಟದಾಗಿ ಹಬ್ಬಿತು. ಹುಡುಗರ ಜೊತೆ ಪಂತ ಕಟ್ಟಿಕೊಂಡು ಸೈಕಲ್ ಬಿಟ್ಟಳಂತೆ, ಶೋಕಿ ಮಾಡಲು ಹೋದಳಂತೆ, ಅಪ್ಪ ಇಲ್ಲದ ಮಗಳನ್ನು ತಾಯಿ ಹದ್ದುಬಸ್ತಿನಲ್ಲಿ ಇಡಲಿಲ್ಲವಂತೆ. ಹೀಗೆ ಮಾತಾಡಿದವರೆಲ್ಲ ಸುಧಾಳ ಮನೆಗೆ ಹೋಗಿ ಅತ್ತು ಬಂದವರೇ. ಅವರ ನಾಲಿಗೆ ಬಿದ್ದುಹೋಗಲಿ ಎಂದು ಮನಸ್ಸಿನಲ್ಲಿ ಶಪಿಸುತ್ತಿದ್ದೆ. ಬಾಯಿ ಬಿಡಲಿಲ್ಲ.

ಹನ್ನೊಂದನೇ ದಿನದ ಕಾರ್ಯ ಕಳೆದ ಮೇಲೆ ಚನ್ನಮಲ್ಲಪ್ಪನವರು ನಮ್ಮ ಮನೆಗೆ ಬಂದರು. ಗಡ್ಡ ಬಿಟ್ಟಿದ್ದರು. ಒಳಗೆ ಬನ್ನಿ ಅಂದರೂ ಬರದೆ ಮೆಟ್ಟಿಲ ಮೇಲೆ ಕೂತರು.

"ನಾನು ಮೊನ್ನೆ ಬಸ್ಸು ಹತ್ತಿ ಮಡಿಕೇರಿಗೆ ಹೋಗಿದ್ದೆ ಟೀಚರೇ. ಆ ಜಾಗ ನೋಡ್ದೆ. ರೋಡಲ್ಲಿ ಕರೀ ಗುರುತು ಇನ್ನೂ ಅದೆ. ಇಪ್ಪತ್ತು ಹೆಜ್ಜೆ ಉದ್ದ. ಹಿಂದಿನ ಚಕ್ರ ಎಳ್ಕಂಡು ಹೋಗಿರೋ ಗುರುತು ಅದು. ಕೂಸು ಬ್ರೇಕ್ ಹಿಡಿದಿದ್ಲು. ಮೇಲಿಂದ ಕೆಳಗಿನ ಗಂಟ ಹಿಡಿದಿದ್ಲು. ನಾನು ಬಿಚ್ಚಿದ್ದು ಇದ್ದಿದ್ರೆ ನಿಲ್ತಿತ್ತು."

ಅವರು ಮೆಟ್ಟಿಲಿನಿಂದ ಎದ್ದು ನಿಂತರು.

"ಸುಧಾಗೆ ಹೇಳ್ಬೇಕು."

"ಹೇಳಿದ್ರೆ ಅವಳು ವಾಪಸ್ ಬರ್ತಾಳಾ?" ಅಂದೆ. ಕೇಳಲು ಒಳ್ಳೆಯ ಮಾತು, ಅದಕ್ಕೇ ಅದನ್ನು ಹಿಡಿದುಕೊಂಡೆ. "ಆ ತಾಯಿಗೆ ಇನ್ನೊಂದು ಸಂಕಟ ಯಾಕೆ? ನಿಮ್ಮನ್ನ ಊರು ಉಳಿಸಲ್ಲ."

"ಬರಲ್ಲ. ಆದ್ರೆ ಊರು ಆ ಕೂಸಿನ ಮೇಲೇ ಹಾಕ್ತಾ ಅದೆ. ಸತ್ತವಳ ಮೇಲೆ ನನ್ನ ತಪ್ಪು ಹೊರ್ಸಿ ನಾನು ಹೆಂಗೆ ವಿಭೂತಿ ಇಟ್ಕಳ್ಳಲಿ?" ಆಮೇಲೆ ನನ್ನ ಮುಖ ನೋಡದೆಯೇ ಹೇಳಿದರು, "ನಿಮ್ಮ ಹೆಸರು ಎತ್ತಲ್ಲ ಕಣವ್ವ. ನೀವು ಬಂದು ನಿಂತ್ಕಂಡ್ರೆ ಸಾಕು. ಒಬ್ಬನೇ ಹೋಗಕ್ಕೆ ಕಾಲು ಬರಲ್ಲ."

ಆ ಮಾತು ಕೇಳಿ ನನಗೆ ಮೊದಲು ಆದದ್ದು ಸಮಾಧಾನ. ಇದನ್ನು ಬರೆಯಲು ಈಗಲೂ ಅಸಹ್ಯವಾಗುತ್ತದೆ.

ಸಂಜೆ ಹೋದೆವು. ಸುಧಾ ಅಕ್ಕಿ ಆರಿಸುತ್ತಿದ್ದಳು. ನಾನು ಬಾಗಿಲಲ್ಲೇ ನಿಂತೆ. ಚನ್ನಮಲ್ಲಪ್ಪನವರು ಅವಳೆದುರು ನೆಲದ ಮೇಲೆ ಕೂತು ಎಲ್ಲ ಹೇಳಿದರು. ಅಣ್ಣ ಸತ್ತದ್ದನ್ನು ಹೇಳಲಿಲ್ಲ, ಊರಲ್ಲಿ ಎಲ್ಲರೂ ಹಾಗೇ ಮಾಡುತ್ತೇವೆಂದೂ ಹೇಳಲಿಲ್ಲ. ನನ್ನ ಕೈಯಾರೆ ಬಿಡಿಸಿದೆ ಅಂದರು, ಅಷ್ಟೇ. ಸುಧಾಳ ಕೈ ಮೊರದಲ್ಲೇ ನಿಂತಿತು.

"ಹಂಗಾದ್ರೆ ಅವಳು ಬ್ರೇಕ್ ಹಿಡಿದಿದ್ಲಾ?"

"ಹಿಡಿದಿದ್ಲು ತಾಯಿ. ನಿಲ್ಲಿಸಕ್ಕೆ ಎಷ್ಟು ಆಗ್ತದೋ ಅಷ್ಟೂ ಮಾಡಿದ್ಲು."

ಹನ್ನೊಂದು ದಿನ ಕಲ್ಲಿನ ಹಾಗೆ ಕೂತಿದ್ದವಳು ಆಗ ಅತ್ತಳು. ಮೊರ ಮಗುಚಿ ಅಕ್ಕಿಯೆಲ್ಲ ಚೆಲ್ಲಿತು. ಅವರು ಎದ್ದು ಹೋಗದೆ ತಲೆ ತಗ್ಗಿಸಿಕೊಂಡು ಅಲ್ಲೇ ಕೂತಿದ್ದರು. ಅತ್ತು ಮುಗಿದ ಮೇಲೆ ಅವಳು ಸೆರಗಿನಲ್ಲಿ ಮುಖ ಒರೆಸಿಕೊಂಡು ಇನ್ನೊಂದು ಪ್ರಶ್ನೆ ಕೇಳಿದಳು.

"ನೀವು ಬಿಡಿಸಿದ್ದು ಬೇರೆ ಯಾರಿಗಾದ್ರೂ ಗೊತ್ತಿತ್ತಾ?"

"ಇಲ್ಲ ತಾಯಿ. ನನಗೊಬ್ಬನಿಗೇ."

ನಾನು ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದೆ. ಹೇಳಲು ಅದಕ್ಕಿಂತ ಒಳ್ಳೆಯ ಗಳಿಗೆ ಇರಲಿಲ್ಲ. ಹೊಸ್ತಿಲವರೆಗೆ ಚೆಲ್ಲಿದ್ದ ಅಕ್ಕಿಕಾಳುಗಳನ್ನು ಬಗ್ಗಿ ಆರಿಸತೊಡಗಿದೆ.

"ಎದ್ದು ಹೋಗಿ," ಅಂದಳು ಸುಧಾ. "ಠಾಣೆಗೆ ಹೋಗಿ ನನ್ನ ಮಗಳನ್ನ ಇನ್ನೊಂದು ಸಲ ಬೀದಿಗೆ ಎಳೀಬೇಡಿ. ನೀವು ಮಾತ್ರ ನನ್ನ ಕಣ್ಣಿಗೆ ಬೀಳಬೇಡಿ."

ಚನ್ನಮಲ್ಲಪ್ಪನವರು ಆ ಮಾತನ್ನು ಅಕ್ಷರಶಃ ಪಾಲಿಸಿದರು. ಸುಧಾ ದಿನಾ ಬೆಳಿಗ್ಗೆ ಅಂಗನವಾಡಿಗೆ ಬಸ್ ಹತ್ತುವುದು ಅವರ ಅಂಗಡಿಯ ಎದುರಿನಿಂದಲೇ. ಮರುದಿನವೇ ಅಂಗಡಿ ಮುಚ್ಚಿದರು. ಅದಕ್ಕೂ ಮೊದಲು ಹೋಟೆಲಿನಲ್ಲಿ ಕೂತಿದ್ದವರ ಮುಂದೆ ನಿಂತು, ಆ ಹುಡುಗಿಯ ತಪ್ಪಿಲ್ಲ, ನನ್ನದು ಎಂದು ಜೋರಾಗಿ ಹೇಳಿ ಬಂದರಂತೆ. ಊರು ಒಂದು ವಾರ ಅವರಿಗೆ ಉಗಿಯಿತು, ಆಮೇಲೆ ಮರೆಯಿತು. ಅವರು ಮರೆಯಲಿಲ್ಲ. ಮಠಕ್ಕೆ ಹೋಗಬೇಕಾದರೂ ಪೇಟೆ ಬಿಟ್ಟು ಗದ್ದೆ ಬದುವಿನ ಮೇಲೆ ಸುತ್ತಿ ಹೋಗುತ್ತಿದ್ದರು. ಒಂದು ಸಲ ಸಂತೆಯಲ್ಲಿ ದೂರದಿಂದ ಸುಧಾಳನ್ನು ಕಂಡು, ಆರಿಸಿದ ತರಕಾರಿ ಅಲ್ಲೇ ಬಿಟ್ಟು ಗೋಡೆಯ ಕಡೆ ಮುಖ ಮಾಡಿ ನಿಂತದ್ದನ್ನು ನಾನೇ ನೋಡಿದ್ದೇನೆ. ಅಷ್ಟು ಚಿಕ್ಕ ಊರಿನಲ್ಲಿ ಒಬ್ಬರ ಕಣ್ಣಿಗೆ ಬೀಳದೆ ಬದುಕುವುದೆಂದರೆ ಮನೆಯೊಳಗೇ ಇರಬೇಕು. ಹಾಗೇ ಇದ್ದರು. ಹೋದ ಆಷಾಢದಲ್ಲಿ ತೀರಿಕೊಂಡರು. ಮಣ್ಣಿಗೆ ಸುಧಾ ಬರಲಿಲ್ಲ. ನಾನು ಹೋಗಿ ಒಂದು ಹಿಡಿ ಮಣ್ಣು ಹಾಕಿ ಬಂದೆ.

ಹೋದ ವಾರ ಸುಧಾ ಬಸ್ಸಿನಲ್ಲಿ ನನ್ನ ಪಕ್ಕಕ್ಕೆ ಬಂದು ಕೂತಳು. ಸ್ವಲ್ಪ ದೂರ ಹೋದ ಮೇಲೆ ನನ್ನ ಕೈ ಹಿಡಿದುಕೊಂಡಳು.

"ಈ ಊರಲ್ಲಿ ನಾನು ನಂಬೋದು ನಿಮ್ಮೊಬ್ಬರನ್ನೇ ಟೀಚರ್," ಅಂದಳು. "ಆವತ್ತು ಆ ಮುದುಕನ್ನ ಕರ್ಕಂಡು ಬಂದು ನಿಜ ಹೇಳಿಸಿದ್ದು ನೀವೇ ಅಲ್ವಾ?"

ನಾನು ಹೌದು ಅಂದೆ.