ಬಂಡಳ್ಳಿಯ ಕೊನೆಯ ಬಸ್ಸು ಮತ್ತು ನನ್ನ ಅರ್ಜಿ

ಕೊಳ್ಳೇಗಾಲದ ದೊಡ್ಡ ರಸ್ತೆಯಲ್ಲಿ ಸೊಪ್ಪು ಮಾರುವ ಹೆಂಗಸು ಗೋಣಿಚೀಲ ಹಾಸಿದ ಕೂಡಲೇ ಸುಂಕದವನು ಬಂದು ಚೀಟಿ ಹರಿಯುತ್ತಾನೆ. ಅವಳ ಪಕ್ಕದಲ್ಲೇ ಹತ್ತು ಗೋಣಿಚೀಲದಷ್ಟು ಜಾಗ ನುಂಗಿ ಬೆಳಗಿನಿಂದ ಸಂಜೆಯವರೆಗೆ ನಿಂತಿರುವ ಕಾರಿಗೆ ಅದೇ ಮನುಷ್ಯ ಸಲಾಮು ಹೊಡೆದು ಮುಂದೆ ಹೋಗುತ್ತಾನೆ. ಈ ದೃಶ್ಯವನ್ನು ನಾನು ಬಾಲ್ಯದಿಂದ ನೋಡಿದ್ದೇನೆ. ಅದು ಅನ್ಯಾಯವೆಂದು ಅರಿಯಲು ಮಾತ್ರ ಎಂ.ಎ. ಮುಗಿಸಬೇಕಾಯಿತು, ಇದು ನನಗೂ ಹೆಮ್ಮೆಯ ಸಂಗತಿಯಲ್ಲ.

ನನ್ನ ತಾಯಿಯ ತಂಗಿಯನ್ನು ಬಂಡಳ್ಳಿಗೆ ಕೊಟ್ಟಿದ್ದಾರೆ. ಚಿಕ್ಕಮ್ಮ ಹಲವು ವರ್ಷಗಳಿಂದ ಬಸ್ಸಿನಲ್ಲಿ ಪೇಟೆಗೆ ಬಂದು ರೇಷ್ಮೆ ಮಗ್ಗದ ಮನೆಗಳಲ್ಲಿ ಎಳೆ ಕೂಡಿಸುತ್ತಿದ್ದಳು. ಮಗ್ಗದಲ್ಲಿ ಹಳೆಯ ಹಾಸು, ಅಂದರೆ ಉದ್ದಕ್ಕೆ ಬಿಗಿದ ಎಳೆಗಳ ಸಾಲು, ಮುಗಿಯುತ್ತ ಬಂದಾಗ, ಅದರ ಒಂದೊಂದು ಎಳೆಯ ತುದಿಗೂ ಹೊಸ ಹಾಸಿನ ಒಂದೊಂದು ಎಳೆಯನ್ನು ಬೂದಿ ಮುಟ್ಟಿದ ಬೆರಳುಗಳಿಂದ ಹೊಸೆಯುವ ಕೆಲಸವದು. ಸಾವಿರಾರು ಎಳೆಗಳು. ಕೂತವರು ಮುಗಿಸಿಯೇ ಏಳಬೇಕೆಂಬುದು ಆ ಮನೆಗಳ ಕಟ್ಟುಪಾಡು. ಅರ್ಧಕ್ಕೆ ಬಿಟ್ಟರೆ ಬಿಗಿ ತಪ್ಪಿ ಎಳೆಗಳು ಸಿಕ್ಕಾಗುತ್ತವೆ. ಬಿಟ್ಟು ಎದ್ದವಳನ್ನು ಮತ್ತೆ ಯಾರೂ ಕರೆಯುವುದಿಲ್ಲ. ಹೀಗಾಗಿ ಕೆಲಸ ಮುಗಿದ ಮೇಲೆ ಹೊರಡುವ ಕೊನೆಯ ಬಸ್ಸೇ ಅವಳ ಉದ್ಯೋಗದ ಆಧಾರವಾಗಿತ್ತು.

ಆ ಬಸ್ಸನ್ನು ಕೊಂದದ್ದು ನಿಂತ ಕಾರುಗಳು. ದೊಡ್ಡ ರಸ್ತೆಯ ತಿರುವಿನ ಎರಡೂ ಬದಿಗೆ ಸಾಲುಗಟ್ಟಿದ ಕಾರುಗಳ ನಡುವೆ ಬಂಡಳ್ಳಿಯ ಬಸ್ಸೂ ಯಳಂದೂರಿನಿಂದ ಬರುವ ಬಸ್ಸೂ ಎದುರುಬದುರಾಗಿ ಸಿಕ್ಕಿಕೊಳ್ಳುತ್ತಿದ್ದವು. ಕಂಡಕ್ಟರ್ ಇಳಿದು ಸೀಟಿ ಊದುತ್ತಿದ್ದ. ಕಾರಿನ ಒಡೆಯರು ಒಳಗೆಲ್ಲೋ ಸೀರೆ ಆರಿಸುತ್ತಿದ್ದರು. ಬಸ್ಸು ದಿನವೂ ತಡವಾಯಿತು. ಜನ ಕಾದು ಬೇಸತ್ತು ಆಟೋ ಹತ್ತಿದರು. ಜನರಿಲ್ಲ, ನಷ್ಟ ಎಂದು ಕೊನೆಯ ಬಸ್ಸನ್ನೇ ನಿಲ್ಲಿಸಲಾಯಿತು. ನಷ್ಟ ಮಾಡಿದವರು ಯಾರೆಂದು ಯಾರೂ ಕೇಳಲಿಲ್ಲ.

ನಾನು ಕೇಳಿದೆ. ಸಾರ್ವಜನಿಕ ರಸ್ತೆಯಲ್ಲಿ ಕಾರು ನಿಲ್ಲಿಸುವವರಿಂದ ಶುಲ್ಕ ವಸೂಲಿ ಮಾಡಿ, ಆ ಹಣವನ್ನು ಹಳ್ಳಿಗಳ ಕೊನೆಯ ಬಸ್ಸುಗಳಿಗೆ ಕೊಡಬೇಕೆಂದು ಮೂರು ಪುಟಗಳ ಅರ್ಜಿ ಬರೆದು ನಗರಸಭೆಯ ಕಚೇರಿಗೆ ಕೊಟ್ಟೆ. ವಿಶ್ವವಿದ್ಯಾಲಯದಲ್ಲಿ ಕಲಿತ ಭಾಷೆಯನ್ನೆಲ್ಲ ಅದರಲ್ಲಿ ಸುರಿದಿದ್ದೆ. ಕಾರು ಎಂಬ ಪದವನ್ನು ಬಳಸುವುದು ಒರಟೆನಿಸಿ ಉದ್ದಕ್ಕೂ ‘ನಿಲುಗಡೆ ಮಾಡುವ ವಾಹನಗಳು’ ಎಂದೇ ಬರೆದಿದ್ದೆ.

ಜನರ ಅಹವಾಲು ಕೇಳುವ ಸಭೆಯಲ್ಲಿ ಬಿಳಿ ಅಂಗಿಯ ಸದಸ್ಯರೊಬ್ಬರು ನನ್ನ ಅರ್ಜಿಯಿಂದ ಗಾಳಿ ಹಾಕಿಕೊಳ್ಳುತ್ತ ಕೇಳಿದರು: “ಏನವ್ವಾ, ಗಾಡಿ ನಿಲ್ಸಕ್ಕೂ ಕಾಸು ಅಂದ್ರೆ, ನಾಳೆ ಉಸ್ರಾಡಕ್ಕೂ ಹಾಕ್ಬುಟ್ಟೀಯಾ?”

“ಉಸಿರು ಬಸ್ಸಿಗೆ ಅಡ್ಡ ನಿಲ್ಲಲ್ಲ, ಸಾರ್.”

ಸಭೆ ನಕ್ಕಿತು. ಅವರೂ ನಕ್ಕರು. ಗೆದ್ದೆನೆಂದು ಭಾವಿಸಿ ಮನೆಗೆ ಬಂದೆ. ಆ ನಗೆಯನ್ನು ಗೆಲುವೆಂದು ತಿಳಿದದ್ದು ನನ್ನ ಶಿಕ್ಷಣದ ದೋಷ.

ಕೆಲವು ತಿಂಗಳಲ್ಲಿ ಆದೇಶ ಹೊರಬಿತ್ತು. ನಿಲುಗಡೆ ಶುಲ್ಕ ಬಂದಿತ್ತು: ಬಾಡಿಗೆ ಆಟೋಗಳಿಗೆ, ಸರಕಿನ ಟೆಂಪೋಗಳಿಗೆ. ಸ್ವಂತ ಬಳಕೆಯ ವಾಹನಗಳಿಗೆ ವಿನಾಯಿತಿ. ಬಸ್ಸು ನಿಂತ ಮೇಲೆ ಚಿಕ್ಕಮ್ಮನಂಥ ಐದಾರು ಹೆಂಗಸರನ್ನು ಊರು ಮುಟ್ಟಿಸುತ್ತಿದ್ದದ್ದು ಒಂದು ಆಟೋ. ಅವರ ಕೆಲಸ ಮುಗಿಯುವವರೆಗೆ ಅದು ರಸ್ತೆಬದಿಯಲ್ಲಿ ಕಾಯುತ್ತಿತ್ತು. ಈಗ ಕಾಯುವುದಕ್ಕೇ ಶುಲ್ಕ.

“ಅಕ್ಕಾ, ಇನ್ಮೇಲೆ ನಿಂತ್ಕಳಕ್ಕಾಗಲ್ಲ ಕಣಕ್ಕ,” ಎಂದು ಆಟೋದವನು ಚಿಕ್ಕಮ್ಮನಿಗೆ ಹೇಳಿದ. “ಐದ್ಗಂಟ್ಗೆ ಬಂದ್ರೆ ಕರ್ಕಂಡೋಯ್ತೀನಿ. ಇಲ್ಲಾಂದ್ರೆ ನಿನ್ ಬಾಡ್ಗೆಯೆಲ್ಲ ಸುಂಕದವ್ನ್ ಚೀಟಿಗೇ ಸರಿಯಾಯ್ತದೆ.”

ಒಂದು ದಿನ ಎಳೆಗಳು ಇನ್ನೂ ಕಾಲು ಭಾಗ ಉಳಿದಿದ್ದಾಗ ಐದು ಗಂಟೆಯಾಯಿತು. ಚಿಕ್ಕಮ್ಮ ಎದ್ದಳು. ಮಗ್ಗದ ಯಜಮಾನ ಬೈಯಲಿಲ್ಲ. ಮರುವಾರ ಕರೆಯಲೂ ಇಲ್ಲ. ಅವಳ ಜಾಗದಲ್ಲಿ ಪೇಟೆಯವಳೇ ಒಬ್ಬಳು ಕೂತಿದ್ದಳು.

ನಾನು ಕಚೇರಿಗೆ ಹೋಗಿ ಆದೇಶದ ಪ್ರತಿ ಕೇಳಿ ಪಡೆದೆ. ಮೊದಲ ಸಾಲಿನಲ್ಲೇ ಅದರ ಆಧಾರವಿತ್ತು: ನನ್ನ ಅರ್ಜಿ. ನನ್ನದೇ ಪದಗಳು ಅಲ್ಲಿ ಅಚ್ಚಾಗಿದ್ದವು.

“ನೀವ್ ಕೇಳಿದ್ದನ್ನೇ ಮಾಡಿದ್ದೀವಲ್ಲವ್ವಾ,” ಎಂದ ಗುಮಾಸ್ತ, ನಿಜವಾದ ಆಶ್ಚರ್ಯದಿಂದ. “ನಿಲ್ಸೋ ವಾಹನ ಅಂತ ಬರ್ದಿದ್ರಿ. ಆಟೋ ವಾಹನ ಅಲ್ವಾ?”

“ಹಣ ಬಸ್ಸಿಗೆ ಹೋಯಿತೇ?”

ಅವನು ಕಿಟಕಿಯತ್ತ ಗಲ್ಲ ಎತ್ತಿದ. ಅಂಗಳದಲ್ಲಿ ಹೊಸ ತಗಡಿನ ಚಪ್ಪರ, ಅದರ ನೆರಳಲ್ಲಿ ಸದಸ್ಯರ ಕಾರುಗಳು. “ಬಿಸ್ಲಲ್ಲಿ ಬಣ್ಣ ಓಯ್ತದೆ ಅಂತ,” ಎಂದ.

ಇಂಥ ಉತ್ತರಕ್ಕೆ ಕೋಪ ಸಾಲದು, ತಿರಸ್ಕಾರವೇ ಸರಿ. ಆದರೆ ತಿರಸ್ಕಾರದ ಒಂದು ಪಾಲು ನನಗೂ ಸಲ್ಲಬೇಕು. ಕಳ್ಳರು ಕಳ್ಳರ ಕೆಲಸ ಮಾಡಿದರು. ಬಾಗಿಲನ್ನು ಸೊಗಸಾದ ಭಾಷೆಯಲ್ಲಿ ತೆರೆದಿಟ್ಟವಳು ನಾನು. ಯಾವ ಬಸ್ಸಿಗಾಗಿ ಬರೆದೆನೋ ಅದು ಬರಲಿಲ್ಲ. ಅದರ ಬದಲಿಗಿದ್ದ ಆಟೋವನ್ನೂ ನನ್ನ ಅರ್ಜಿಯ ಬಲದಿಂದಲೇ ಅಟ್ಟಿದರು.

ಬಂಡಳ್ಳಿಗೆ ಹೋಗಿ ಚಿಕ್ಕಮ್ಮನಿಗೆ ಎಲ್ಲವನ್ನೂ ಹೇಳಿದೆ. ಅವಳು ಹುರುಳಿ ಕೇರುತ್ತಿದ್ದಳು. ಮೊರ ನಿಲ್ಲಿಸದೆ ಕೇಳಿಸಿಕೊಂಡಳು.

“ಅಷ್ಟೊಂದ್ ಓದ್ಬುಟ್ಟು, ಕಾರು ಅಂತ ಬರ್ಯಕ್ಕೆ ನಾಚ್ಕೆ ಆಯ್ತಾ ಮಗ ನಿಂಗೆ?”

ಎರಡನೆಯ ಅರ್ಜಿ ಚೀಲದಲ್ಲಿತ್ತು. ಒಂದೇ ಪುಟ. ಯಾರ ಕಾರು, ಎಲ್ಲಿ, ಎಷ್ಟು ಹೊತ್ತು ಎಂದು ಬಿಡಿಸಿ ಬರೆದಿದ್ದೆ. ಚಪ್ಪರ ಯಾರ ಹಣದ್ದು, ಆದೇಶಕ್ಕೆ ಸಹಿ ಹಾಕಿದವರು ಯಾರು ಎಂಬುದಕ್ಕೆ ಲಿಖಿತ ಉತ್ತರ ಕೇಳಿದ್ದೆ. ಆದರೂ ಅದನ್ನು ಅವಳ ಮುಂದೆ ಹಿಡಿಯಲು ಕೈ ಏಳಲಿಲ್ಲ. ಬಸ್ಸು ನಾಳೆಯೇ ಬಂದರೂ, ಅವಳನ್ನು ಕೆಲಸಕ್ಕೆ ಕರೆಯುವ ಮಗ್ಗದ ಮನೆ ಈಗ ಇಲ್ಲ. ಅಷ್ಟನ್ನೂ ಬಾಯಿಬಿಟ್ಟು ಹೇಳಿದೆ.

“ಗೊತ್ತು ಬುಡು,” ಎಂದಳು. ಮೊರ ಕೆಳಗಿಟ್ಟು ಸೆರಗಿಗೆ ಕೈ ಒರೆಸಿಕೊಂಡಳು. “ಅಜ್ಜೀಪುರದ ಹೆಣ್ಮಕ್ಳು ಇಬ್ರು ಇನ್ನೂ ಎಳೆ ಕೂಡ್ಸಕ್ಕೆ ಓಗ್ತಾವ್ರೆ. ಅವ್ರೂ ಅರ್ದಕ್ಕೆ ಏಳ್ಬೇಕಾ? ಓದು ಮದ್ಲು, ಯಾನ್ ಬರ್ದಿದ್ದೀಯೆ ಅಂತ ಕೇಳ್ಸ್ಕತೀನಿ. ಆಮ್ಯಾಕೆ ಪೆನ್ನು ಕೊಡು.”